ಸರೋಜವ್ವಗ ಏನು ಸೇರತಿತ್ತು

ಸುಧಾರಾಣಿ ಹಂಡೆಯನ್ನು ವಾಲಿಸಿ, ಕೊನೆಯ ಹನಿ ಇಳಿಯುವವರೆಗೂ ಹಿಡಿದು ನಿಂತಳು. ಹಂಡೆಯಾದ ಮೇಲೆ ಕೊಡ, ಕೊಡವಾದ ಮೇಲೆ ಬಿಂದಿಗೆ, ಆಮೇಲೆ ದೇವರ ಜಗಲಿಯ ಮುಂದಿನ ಪುಟ್ಟ ತಂಬಿಗೆ. ಜೀವ ಹೋದ ಮನೆಯಲ್ಲಿ ತುಂಬಿದ ನೀರು ಉಳಿಯಬಾರದು. ಒಂದೊಂದನ್ನೂ ಹಿತ್ತಲಿಗೆ ಹೊತ್ತು ತಂದು, ಸುರಿದು, ಬೋರಲು ಹಾಕಿದಳು. ನೆರೆಮನೆಯ ಹೆಂಗಸರೂ ಕೈಹಚ್ಚಿದರು.

ಅಡುಗೆಮನೆಯ ಮೂಲೆಯಲ್ಲಿ ಒಂದು ಬೋಗುಣಿ ಉಳಿದಿತ್ತು. ಅದರ ಮೇಲೊಂದು ತಾಟು, ತಾಟಿನ ಮೇಲೆ ಬೆಕ್ಕಿಗೆ ಹೆದರಿ ಇಟ್ಟ ಗುಂಡುಕಲ್ಲು. ತೆಗೆದು ನೋಡಿದಳು. ನಿನ್ನೆ ಎಲ್ಲರೂ ಉಂಡು ಮಿಕ್ಕಿದ ಜೋಳದ ನುಚ್ಚು, ಮಜ್ಜಿಗೆ ಹಾಕಿ ಕಲಸಿಟ್ಟದ್ದು. ಅತ್ತೆ ಸರೋಜವ್ವ ಇವತ್ತು ಮುಂಜಾನೆ ಉಣ್ಣಬೇಕಿದ್ದ ಊಟ. ಸುಧಾರಾಣಿ ಅದನ್ನು ಕೊಟ್ಟಿಗೆಗೆ ಒಯ್ದು ಎಮ್ಮೆಯ ಬಾನಿಗೆ ಸುರಿದಳು. ಎಮ್ಮೆ ಸೂತಕ ಗೀತಕ ಅನ್ನದೆ ಒಂದೇ ಉಸಿರಿಗೆ ತಿಂದು, ಇನ್ನೂ ಇದೆಯೇನು ಎಂಬಂತೆ ತಲೆ ಎತ್ತಿತು.

ಅದೇ ಎಮ್ಮೆಯನ್ನು ಹಿಂಡಲು ಸರೋಜವ್ವ ಬೆಳಕು ಹರಿಯುವ ಮುಂಚೆ ಚರಿಗೆ ಹಿಡಿದು ಹೊರಟಿದ್ದಳು. ಹಿತ್ತಲ ಕಟ್ಟೆಯ ಮೇಲೆ ಒಂದು ಗಳಿಗೆ ಕುಳಿತಳು. ಮತ್ತೆ ಏಳಲಿಲ್ಲ. ನರಳಲಿಲ್ಲ, ಯಾರನ್ನೂ ಕೂಗಲಿಲ್ಲ. ಚರಿಗೆ ಕೂಡ ಕೈಯಿಂದ ಜಾರಿ ಬಿದ್ದಿರಲಿಲ್ಲ.

ಈಗ ಅವಳನ್ನು ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕುಳ್ಳಿರಿಸಿದ್ದರು. ಹಣೆ ತುಂಬ ವಿಭೂತಿ, ನಡುವೆ ರೂಪಾಯಿ ಅಗಲದ ಕುಂಕುಮ, ಕೈತುಂಬ ಹಸಿರು ಬಳೆ, ಮೈಮೇಲೆ ಇಳಕಲ್ ಸೀರೆ. ಗಂಡನಿರುವಾಗ ಹೋದ ಮುತ್ತೈದೆ. ದುಂಡಸಿ ಊರಿನ ಹೆಂಗಸರು ಅಳುತ್ತ ಬಂದವರು, ಒಂದಿಷ್ಟು ಅತ್ತು, ಮೂಗು ಒರೆಸಿಕೊಂಡು, ಕುಂಕುಮ ಹಚ್ಚಿ, "ಪುಣ್ಯಾತಗಿತ್ತಿ, ಹಾಸಗಿ ಹಿಡೀಲಿಲ್ಲ, ಯಾರ ಕೈಲೂ ಮಾಡಿಸಿಕೊಳ್ಳಲಿಲ್ಲ," ಎಂದು ಹೊಟ್ಟೆಕಿಚ್ಚು ಪಡುವವರಂತೆ ಹೇಳಿ ಕುಳಿತುಕೊಳ್ಳುತ್ತಿದ್ದರು. ಅಂಗಳದಲ್ಲಿ ಭಜನೆಯವರು ತಾಳ ಕುಟ್ಟುತ್ತಿದ್ದರು. ಸತ್ತ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಹಾಗಾಗಿ ಎದುರಿನ ಚಹಾದಂಗಡಿಯ ಮೆಹಬೂಬ ಕೆಟಲಿ ಹಿಡಿದು ತಾನೇ ಓಡಾಡುತ್ತಿದ್ದ.

"ಇಷ್ಟ ವರ್ಷದಾಗ ನಮ್ಮಂಗಡಿ ಚಹಾ ಒಮ್ಮೆನೂ ಕುಡೀಲಿಲ್ಲ ನೋಡ್ರಿ ಅಕ್ಕಾರು," ಎಂದ ಅವನು, ಕಪ್ಪು ಕೊಡುತ್ತ. "ಕುಡೀದನ ಸಕ್ರಿ ಕಡಿಮಿ ಅಂತ ಬೈತಿದ್ರು."

ಹೆಂಗಸರು ಸೆರಗಿನ ಮರೆಯಲ್ಲಿ ನಕ್ಕರು.

ಆಗಲೇ ಶಂಭುಲಿಂಗ ಒಳಗೆ ಬಂದ. ಸರೋಜವ್ವನ ಮೈದುನ. ಊರಿನಲ್ಲಿ ಯಾರ ಮನೆಯ ಮದುವೆಯಾಗಲಿ ಮಣ್ಣಾಗಲಿ, ಹೀಗಲ್ಲ ಹಾಗೆ ಎಂದು ಹೇಳಲು ಮೊದಲು ಬರುವವನು ಅವನೇ.

"ಸುಧಾ, ಬಾ ಇಲ್ಲಿ. ಅಯ್ಯನವರು ಬಂಕಾಪುರದಿಂದ ಬಿಟ್ಟಾರಂತ. ಅವರು ಬಂದ ಕೂಡ್ಲೆ ಎತ್ತೋದು. ಅಷ್ಟ್ರಾಗ ನೀ ಉಡಿ ತುಂಬಿ ಮುಗಸಬೇಕು. ಅಕ್ಕಿ, ಕೊಬ್ಬರಿ, ಕುಬಸ, ಬಳಿ ಎಲ್ಲಾ ಶ್ವೇತಾ ತಗದಿಟ್ಟಾಳ. ತಿನಿಸು ಏನಿಡ್ತಿ?"

ಸುಧಾರಾಣಿ ಅವನ ಮುಖ ನೋಡಿದಳು.

ಅದು ಈ ಮನೆತನದ್ದೇ ಒಂದು ರೂಢಿ. ಮಣ್ಣಿಗೆ ಹೋಗುವವರ ಉಡಿಯಲ್ಲಿ ಅವರಿಗೆ ಬಹಳ ಸೇರುತ್ತಿದ್ದ ತಿನಿಸೊಂದನ್ನು ಇಡಬೇಕು. ಮನೆಯ ಸೊಸೆಯೇ ಇಡಬೇಕು. ಬೇರೆ ಏನಾದರೂ ಇಟ್ಟರೆ ಹೋದವರು ಹಸಿದುಕೊಂಡೇ ಹೋಗುತ್ತಾರೆ ಎನ್ನುವ ಮಾತು. ಸರೋಜವ್ವ ತನ್ನ ಅತ್ತೆಗೆ ಕರ್ಚಿಕಾಯಿ ಇಟ್ಟಿದ್ದಳು. ಮಾವನಿಗೆ ಸವಣೂರಿನ ಎಲೆ, ಮೇಲೆ ಚಿಟಿಕೆ ತಂಬಾಕು. ಭಾವನಿಗೆ ಮಿರ್ಚಿ ಭಜಿ. ಆ ದಿನ ಪಕ್ಕದ ಮನೆಯಲ್ಲಿ ಕರಿದು ತಂದ ಭಜಿಯನ್ನು ಆರಲಿ ಎಂದು ಊದುತ್ತ ಕುಳಿತಿದ್ದಳಂತೆ: "ಬಿಸಿದ ಇಟ್ರ ಮಣ್ಣಾಗ ನಾಲಿಗಿ ಸುಟ್ಕೊಂಡಾರು." ಅಳುವವರೆಲ್ಲ ನಕ್ಕಿದ್ದರಂತೆ. ಇಟ್ಟದ್ದು ಯಾವುದೂ ತಪ್ಪಿರಲಿಲ್ಲ. ಯಾರಿಗೆ ಏನು ಸೇರುತ್ತದೆ ಎಂಬುದು ಅವಳಿಗೆ ಕೇಳದೆಯೇ ಗೊತ್ತಿರುತ್ತಿತ್ತು.

ಅವಳಿಗೆ ಏನು ಸೇರುತ್ತಿತ್ತು?

"ಮಾವಾರನ್ನ ಕೇಳ್ತೇನ್ರಿ ಕಾಕಾ," ಎಂದಳು ಸುಧಾರಾಣಿ.

ಉಳವಪ್ಪ ಹೆಂಡತಿಯ ಪಕ್ಕದಲ್ಲೇ ಕಂಬಕ್ಕೆ ಒರಗಿ ಕುಳಿತಿದ್ದ. ಪ್ರಶ್ನೆ ಕೇಳಿ ಅವನಿಗೆ ಆಶ್ಚರ್ಯವಾಯಿತು. "ಇದೇನ ಕೇಳ್ತಿಯವ್ವ? ಹೋಳಿಗಿ. ಹೋಳಿಗಿ ಅಂದ್ರ ಜೀವ ಬಿಡತಿದ್ಲು. ಹುಣಿವಿ ಬರ್ಲಿ ಅಮಾಸಿ ಬರ್ಲಿ, ಹೂರಣ ರುಬ್ಬಾಕ ಕುಂದರತಿದ್ಲು."

"ಅಪ್ಪಾ, ಹೋಳಿಗಿ ಸೇರೋದು ನಿನಗ," ಎಂದಳು ಮಗಳು ಶ್ವೇತಾ. ಅವಳು ಗಂಡನ ಮನೆ ಹಿರೇಕೆರೂರಿನಿಂದ ಸಿಕ್ಕ ಗಾಡಿ ಹತ್ತಿ ಬಂದಿದ್ದಳು. ಅತ್ತು ಅತ್ತು ಕಣ್ಣು ಊದಿತ್ತು. "ಅವ್ವಗ ಸೇರತಿದ್ದದ್ದು ಗೋದಿ ಬೆಲ್ಲದ ಮಾದಲಿ. ನಾ ಬಂದಾಗೆಲ್ಲ ಮಾಡಾಕಿ."

"ನೀ ಬಂದಾಗ ಮಾಡಿದ್ರ ಅದು ನಿನಗ ಸೇರತೈತಿ ಅಂತ ಮಾಡಿದ್ದು," ಎಂದ ಚನ್ನೇಶ. ಸುಧಾರಾಣಿಯ ಗಂಡ. ಬೆಳಗಿನಿಂದ ಬಾಗಿಲಲ್ಲೇ ನಿಂತಿದ್ದ. "ಅವ್ವಗ ಗಿರಮಿಟ್ ಬಾಳ ಸೇರತಿತ್ತು. ನಾ ಹೊಲದಿಂದ ಬರೋದ ತಡ, ಚುರುಮರಿ ತೋಯಿಸಿ ತಯಾರ ಇಟ್ಟಿರತಿದ್ಲು."

ಅಷ್ಟು ಹೇಳಿ ತಾನೇ ತಲೆ ಕೆರೆದುಕೊಂಡ.

ಶಂಭುಲಿಂಗ ಕೈಯೆತ್ತಿದ. "ನೀವ್ಯಾರೂ ಜಗಳಾಡಬ್ಯಾಡ್ರಿ. ವೈನಿಗೆ ಸವಣೂರ ಅಂಗಡಿ ಕರದ ಖಾರಾ ಸೇರತಿತ್ತು. ನಾನ ಎಷ್ಟೋ ಸಲ ತಂದ ಕೊಟ್ಟೇನಿ."

"ಕಾಕಾ, ಅದನ್ನ ನೀನ ಕುಂತು ಖಾಲಿ ಮಾಡಿ ಹೋಗತಿದ್ದಿ," ಎಂದಳು ಶ್ವೇತಾ.

ಕುಳಿತ ಹೆಂಗಸರ ನಡುವೆ ಮತ್ತೆ ನಗು ಎದ್ದಿತು. ಸುಧಾರಾಣಿ ಮಾತ್ರ ನಗಲಿಲ್ಲ. ಉಡಿಗೆ ಇಡಬೇಕಾದವಳು ಅವಳು. ತಪ್ಪು ತಿನಿಸು ಇಟ್ಟರೆ ಊರಿನವರಿಗೆ ತಿಳಿಯಲಿಕ್ಕಿಲ್ಲ, ಮನೆಯವರಿಗೂ ತಿಳಿಯಲಿಕ್ಕಿಲ್ಲ. ಆದರೆ ಗೋಡೆಗೆ ಒರಗಿ ಕುಳಿತ ಆ ಹೆಂಗಸಿಗೆ ತಿಳಿಯುತ್ತದೆ. ದಿನಕ್ಕೆರಡು ಹೊತ್ತು ಆಕೆಯ ಎದುರಿಗೆ ಕುಳಿತು ಉಂಡವಳು ತಾನೊಬ್ಬಳೇ. ಹಾಗಿದ್ದೂ ತನಗೇ ಗೊತ್ತಿಲ್ಲವಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

*

ಸುಧಾರಾಣಿ ಮದುವೆಯಾಗಿ ಬಂದ ಹೊಸತು. ಗಂಡಸರೆಲ್ಲ ಉಂಡು ಎದ್ದ ಮೇಲೆ ಅತ್ತೆ ಸೊಸೆ ಇಬ್ಬರೂ ಅಡುಗೆಮನೆಯಲ್ಲಿ ಕುಳಿತುಕೊಳ್ಳುತ್ತಿದ್ದರು. ಸರೋಜವ್ವ ಬಾಗಿಲಿಗೆ ಬೆನ್ನು ಮಾಡಿ ಕೂರುವಳು. ಬುಟ್ಟಿಯ ತಳದಲ್ಲಿ ಹರಿದ ರೊಟ್ಟಿ, ಅಂಚು ಸೀದ ರೊಟ್ಟಿ ಇರುತ್ತಿದ್ದವು. ಇಡಿಯಾಗಿ ಉಳಿದ ಒಂದನ್ನು ಸೊಸೆಯ ತಾಟಿಗೆ ಹಾಕಿ, ಚೂರುಗಳನ್ನೆಲ್ಲ ತಾನು ಬಾಚಿಕೊಳ್ಳುವಳು. ಪಲ್ಯ ಮುಗಿದಿದ್ದರೆ ಪಾತ್ರೆಗೇ ರೊಟ್ಟಿ ಒರೆಸಿ, "ನೋಡು, ಪಾತ್ರಿ ತಿಕ್ಕೋ ಕೆಲಸಾನೂ ಉಳೀತು," ಎಂದು ಕಣ್ಣು ಮಿಟುಕಿಸುವಳು.

"ಅತ್ತಿ, ನಾಳಿಂದ ಒಂದ್ ಹಿಡಿ ಕಾಳು ಹೆಚ್ಚಿಗಿ ಹಾಕೋಣ್ರಿ," ಎಂದಿದ್ದಳು ಸುಧಾರಾಣಿ ಒಮ್ಮೆ.

"ಹಾಕು. ಹೆಚ್ಚಿಗಿ ಹಾಕಿದಷ್ಟು ಅವರು ಹೆಚ್ಚಿಗಿ ಉಣ್ತಾರ. ನಾನೂ ನಿನ್ನಂಗ ಬಂದ ಹೊಸತರಾಗ ಹಾಕಿ ನೋಡೇನಿ."

ಮರುದಿನ ಹಾಕಿದರು. ಚನ್ನೇಶ, "ಇವತ್ತ ಪಲ್ಯ ಬಾಳ ಚಲೋ ಆಗೇತಿ," ಎಂದು ಮೂರು ಸಲ ಬಡಿಸಿಕೊಂಡ. ಅತ್ತೆ ಬಡಿಸುತ್ತ ಬಡಿಸುತ್ತ ಸೊಸೆಯ ಕಡೆ ನೋಡಿ ಹುಬ್ಬು ಹಾರಿಸಿದ್ದಳು.

ಊರಿಗೆ ಬಂದ ನರ್ಸಬಾಯಿ ಒಮ್ಮೆ ಸರೋಜವ್ವನ ಕಣ್ಣರೆಪ್ಪೆ ಎಳೆದು ನೋಡಿ, ರಕ್ತ ಕಡಿಮೆ ಇದೆ, ಸೊಪ್ಪು ಕಾಳು ಚೆನ್ನಾಗಿ ತಿನ್ನಬೇಕು ಎಂದು ಕೆಂಪು ಗುಳಿಗೆ ಕೊಟ್ಟು ಹೋಗಿದ್ದಳು. ಗುಳಿಗೆ ಬಾಯಿಗೆ ಸೇರಲಿಲ್ಲವೆಂದು ಸರೋಜವ್ವ ದಿನಕ್ಕೊಂದು ಕರಿಬೇವಿನ ಬುಡಕ್ಕೆ ಹಾಕಿದಳು. ಮುಂದಿನ ಸಲ ಬಂದ ನರ್ಸಬಾಯಿ ಕೇಳಿದರೆ, "ನನಗಿಂತ ಅದರ ಮುಖಾ ನೋಡ್ರಿ, ಹೆಂಗ ಕಪ್ಪಗ ಮಿಂಚಾಕತ್ತೇತಿ," ಎಂದು ಗಿಡವನ್ನು ತೋರಿಸಿದಳು.

ಅಷ್ಟೆಲ್ಲ ನೆನಪಿದೆ. ಆದರೆ ಅವಳು ಒಂದು ತುತ್ತು ಬಾಯಿಗಿಟ್ಟು, ಆಹಾ, ಇದು ನನಗೆ ಬಹಳ ಇಷ್ಟ ಎಂದ ನೆನಪು ಎಷ್ಟು ಹುಡುಕಿದರೂ ಸುಧಾರಾಣಿಗೆ ಸಿಗಲಿಲ್ಲ.

*

ಶಂಭುಲಿಂಗ ಒಬ್ಬ ಹುಡುಗನನ್ನು ಮೋಟರ್ ಸೈಕಲ್ ಮೇಲೆ ಸವಣೂರಿಗೆ ಓಡಿಸಿಯೇ ಬಿಟ್ಟಿದ್ದ. "ಖಾರಾ ಬರತೈತಿ. ಅದನ್ನ ಇಡೋಣ, ಮುಗೀತು," ಎಂದು ಎಲ್ಲರಿಗೂ ಹೇಳುತ್ತಿದ್ದ.

ಅಷ್ಟರಲ್ಲಿ ದುರಗವ್ವ ಬಂದಳು. ಸರೋಜವ್ವನ ಹೊಲಕ್ಕೆ ವರ್ಷಗಟ್ಟಲೆ ಕಳೆ ತೆಗೆಯಲು ಬರುತ್ತಿದ್ದವಳು. ಬಾಗಿಲಲ್ಲಿ ಒಂದು ಸಲ ಬೊಬ್ಬೆ ಹೊಡೆದು ಅತ್ತು, ಹತ್ತಿರ ಬಂದು ಸರೋಜವ್ವನ ಗದ್ದ ಹಿಡಿದಳು.

"ಏನಬೇ, ನನಗ ಹೇಳದ ಹೊಂಟೀ? ನಾಳಿ ಹೊಲಕ್ಕ ಬಾ ಅಂದಾಕಿ ನೀನ. ಈಗ ನಾ ಯಾರ ಕೂಡ ಜಗಳಾಡ್ಲಿ?"

ಅಳು ಇಳಿದ ಮೇಲೆ ಪಕ್ಕದವರು ಅವಳಿಗೆ ಚರ್ಚೆಯ ವಿಷಯ ಹೇಳಿದರು. ಹೋಳಿಗೆಯಂತೆ, ಮಾದಲಿಯಂತೆ, ಖಾರವಂತೆ. ದುರಗವ್ವ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡಳು. ಅಳುತ್ತಿದ್ದಾಳೆಂದು ಶ್ವೇತಾ ಬೆನ್ನು ಸವರಲು ಹೋದಳು. ಅವಳು ನಗುತ್ತಿದ್ದಳು.

"ಯಾಕ ನಗ್ತಿ?" ಎಂದ ಉಳವಪ್ಪ.

"ಯಜಮಾನ್ರ, ತಪ್ಪ ತಿಳೀಬ್ಯಾಡ್ರಿ. ಅಕ್ಕಾರಿಗೆ ಸೇರತಿದ್ದದ್ದು ಮುಳ್ಳಸೌತಿ. ಎಳೇದು."

"ಸೌತಿಕಾಯಿ?"

"ಹೂನ್ರಿ. ನಮ್ಮ ಕೈಯಾಗಿಂದ ಕಸಗೊಂಡು ತಿಂತಿದ್ರು."

"ಯಾರು? ನಮ್ಮವ್ವ?" ಚನ್ನೇಶ ಬಾಗಿಲು ಬಿಟ್ಟು ಒಳಗೆ ಬಂದ.

"ನಿಮ್ಮವ್ವನ. ಹೊಲಕ್ಕ ಬಂದ ಕೂಡ್ಲೆ ಮೊದಲು ತಿನ್ನೋದು, ಆಮ್ಯಾಲ ಕಳೆ ತಗ್ಯಾಕ ಕುರ್ಚಗಿ ಹಿಡಿಯೋದು. ಒಡ್ಡಿನ ಮ್ಯಾಲ ಕಾಲ ಚಾಚಿ ಕುಂದ್ರೋರು. ಸೌತಿಕಾಯಿ ಹರಿಯೋದು, ಸೆರಗಿಲೆ ಮುಳ್ಳ ಒರಸೋದು, ಮೊಣಕಾಲಿಗೆ ಬಡದು ಮುರಿಯೋದು. ಸಣ್ಣ ಹೋಳು ನಮಗ, ದೊಡ್ಡ ಹೋಳು ಅವರಿಗೆ. ನಾ ಒಂದಿನಾ ಕೇಳಿದೆ, ಏನ್ರಿ ಅಕ್ಕಾರ, ಯಾವಾಗ್ಲೂ ದೊಡ್ಡದು ನಿಮಗನ? ಅಂತ. ಹೊಲ ಯಾರದು? ಅಂದ್ರು. ನಿಮ್ಮದು ಅಂದೆ. ಹಂಗಾರ ಸುಮ್ಕ ತಿನ್ನು ಅಂದ್ರು."

ಉಳವಪ್ಪ ಹೆಂಡತಿಯ ಕಡೆ ತಿರುಗಿ, ಇದೇನು ಎಂದು ಅವಳನ್ನೇ ಕೇಳುವವನಂತೆ ನೋಡಿದ.

"ದೊಡ್ಡ ಹೋಳು ತಾನ ತಿಂತಿದ್ಲ?"

"ಯಾವಾಗ್ಲೂ ರಿ."

ಉಳವಪ್ಪನ ಹೊಟ್ಟೆ ಮೊದಲು ಕುಲುಕಿತು. ಆಮೇಲೆ ಹೆಗಲು. ನಗುತ್ತ ನಗುತ್ತ ಅವನ ಕಣ್ಣಲ್ಲಿ ನೀರು ಬಂತು. ಬೆಳಗಿನಿಂದ ಬಾರದ ನೀರು. "ಅಬಾ, ಸರೋಜಾ!" ಎಂದು ಹಣೆಗೆ ಕೈ ಹಚ್ಚಿಕೊಂಡ.

ಸುಧಾರಾಣಿ ಎದ್ದು ನಿಂತಳು. "ದುರಗವ್ವಾ, ನಡಿ. ಹರಕೊಂಡ ಬರೋಣ."

"ಏ, ಏ, ಹುಚ್ಚಿ!" ಎಂದ ಶಂಭುಲಿಂಗ. "ಹಸೀ ಸೌತಿಕಾಯಿ ಉಡ್ಯಾಗ ಇಡ್ತಾರೇನು? ಮಂದಿ ಏನಂದಾರು? ಅದೂ ಅಲ್ಲದ ಹೆಣ ಮನ್ಯಾಗಿಟ್ಟು ಸೊಸಿ ಹೊಲಕ್ಕ ಹೋಗೋದಂದ್ರ..."

"ಅಯ್ಯನವರು ಬರೋದ್ರಾಗ ಬರ್ತೇನ್ರಿ ಕಾಕಾ." ಅವಳು ಅವನಿಗೆ ಎದುರು ಮಾತಾಡಿದ್ದು ಅದೇ ಮೊದಲು. ಮಾತು ಮುಗಿಯುವ ಮುಂಚೆ ಅಂಗಳ ದಾಟಿದ್ದಳು.

*

ಆ ಹೊಲದಲ್ಲಿ ಮೊದಲು ಜೋಳ ಬೆಳೆಯುತ್ತಿದ್ದರು. ಆಮೇಲೆ ಊರಿನವರೆಲ್ಲರಂತೆ ಉಳವಪ್ಪನೂ ಗೋವಿನಜೋಳಕ್ಕೆ ಇಳಿದ. ಒಡ್ಡಿನಿಂದ ಒಡ್ಡಿಗೆ ಅದೊಂದೇ ಬೆಳೆ. ಕಟಾವಾಗಿ, ಚೀಲ ತುಂಬಿ, ಲಾರಿ ಹತ್ತಿ, ಎಲ್ಲಿಯದೋ ಕೋಳಿಗಳ ಹೊಟ್ಟೆಗೆ ಹೋಗುವ ಬೆಳೆ. ಮನೆಯ ಊಟಕ್ಕೆ ಕಾಳನ್ನೂ ಕಾಯಿಯನ್ನೂ ಸಂತೆಯಿಂದ ತರಬೇಕು. ಸಂತೆಯಲ್ಲಿ ತುಟ್ಟಿಯಾದ ದಿನ ಪಲ್ಯದಲ್ಲಿ ನೀರು ಹೆಚ್ಚಾಗುತ್ತಿತ್ತು. ಹೆಚ್ಚಾದ ಆ ನೀರು ಕೊನೆಗೆ ಉಳಿಯುತ್ತಿದ್ದದ್ದು ಅಡುಗೆಮನೆಯ ಇಬ್ಬರಿಗೆ.

ಸರೋಜವ್ವ ಮಾತ್ರ ಎರಡು ಸಾಲು ಬಿಡಲಿಲ್ಲ. ಬಿತ್ತನೆಯ ದಿನ ಕೂರಿಗೆಯ ಹಿಂದೆ ನಡೆಯುತ್ತ ಒಡ್ಡಿನ ಪಕ್ಕದ ಎರಡು ಸಾಲಿಗೆ ಸೌತಿ, ಅಲಸಂದಿ, ಹೆಸರು, ಪುಂಡಿಸೊಪ್ಪಿನ ಬೀಜ ಕಲಸಿ ಹಾಕುವಳು. ಅಕ್ಕಡಿ ಸಾಲು ಎಂದು ಹಿಂದಿನವರು ಹಾಕುತ್ತಿದ್ದದ್ದು ಅದೇ. ಚನ್ನೇಶ ಒಂದು ವರ್ಷ ಕಳೆನಾಶಕ ಹೊಡೆದ. ಗೋವಿನಜೋಳ ಉಳಿಯಿತು, ಸಾಲು ಸುಟ್ಟು ಹೋಯಿತು. ಮರುವರ್ಷ ಅವನು ಬೆನ್ನಿಗೆ ಔಷಧದ ಡಬ್ಬಿ ಕಟ್ಟಿಕೊಂಡು ಬಂದಾಗ ಸರೋಜವ್ವ ಆ ಸಾಲಿನಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತಿದ್ದಳು.

"ಏಳ್ ಅವ್ವ, ಮೈಮ್ಯಾಲ ಬೀಳತೈತಿ."

"ಬೀಳ್ಲಿ. ಹೊಡಿ. ನಾನೂ ಕಸಾನ ಅಲ್ಲೇನು?"

ಚನ್ನೇಶ ಡಬ್ಬಿ ಇಳಿಸಿದ. ಅಂದಿನಿಂದ ಆ ಎರಡು ಸಾಲಿನ ಹತ್ತಿರ ಯಾರೂ ಹೋಗಲಿಲ್ಲ. ಮನೆಯಲ್ಲಿ ಬುತ್ತಿ ಕಟ್ಟುವುದು ಸುಧಾರಾಣಿಯ ಕೆಲಸ, ಹೊಲಕ್ಕೆ ಒಯ್ಯುವುದು ಸರೋಜವ್ವನ ಕೆಲಸ. ಬಿಸಿಲಿದೆ, ನಾನೇ ಒಯ್ಯುತ್ತೇನೆ ಎಂದು ಸೊಸೆ ಎಷ್ಟು ಸಲ ಹೇಳಿದರೂ ಅತ್ತೆ ಬುತ್ತಿ ಬಿಟ್ಟುಕೊಟ್ಟಿರಲಿಲ್ಲ.

*

ಹಳ್ಳ ದಾಟಿ ಹೊಲ ಮುಟ್ಟುವ ಹೊತ್ತಿಗೆ ಇಬ್ಬರಿಗೂ ಏದುಸಿರು. ಗೋವಿನಜೋಳ ಆಳೆತ್ತರ ನಿಂತಿತ್ತು. ಮೂಲೆಯ ಬೇವಿನ ಮರದ ಕೆಳಗೆ ಊರಿನ ನಾಗಪ್ಪ ಮತ್ತು ಅವನ ಜೊತೆಯವರು ಸರೋಜವ್ವನಿಗೆ ಕುಣಿ ತೋಡಿ ಮುಗಿಸಿ, ಬೆವರು ಒರೆಸಿಕೊಳ್ಳುತ್ತ ಕುಳಿತಿದ್ದರು. ಅವರ ಸುತ್ತ ಹಸಿರು ಸಿಪ್ಪೆ, ತೊಟ್ಟು, ಕಚ್ಚಿ ಎಸೆದ ತುದಿಗಳು ಬಿದ್ದಿದ್ದವು.

ಸುಧಾರಾಣಿ ನಿಂತಲ್ಲೇ ನಿಂತಳು.

"ಬರ್ರಿ ತಂಗಿ," ಎಂದ ನಾಗಪ್ಪ, ಸಂಕೋಚದಿಂದ ಎದ್ದು. "ಮುಂಜಾನಿಂದ ಹೊಟ್ಟಿಗೇನೂ ಇಲ್ರಿ. ಕೈಗೆ ಸಿಕ್ವು, ತಿಂದ್ವಿ. ಸರೋಜಕ್ಕ ಇದ್ದಿದ್ರ ಬೈತಿರಲಿಲ್ಲ ಬಿಡ್ರಿ."

"ಬೈತಿರಲಿಲ್ಲ? ಕಲ್ಲು ತಗೊಂಡ ಬೆನ್ನ ಹತ್ತತಿದ್ರು!" ಎಂದಳು ದುರಗವ್ವ. "ಎಲ್ಲಾ ತಿಂದ್ರೇನೋ, ಬಕಾಸುರಗೋಳ್ರಾ?"

"ಒಂದೂ ಉಳದಿಲ್ಲ ಅನಸತೈತಿ. ಬಾಳ ರುಚಿ ಇದ್ವು."

ಸುಧಾರಾಣಿಯ ಕಣ್ಣು ತುಂಬಿ ಬಂತು. ಮುಂಜಾನೆಯಿಂದ ಹಿಡಿದಿಟ್ಟದ್ದು ಸೌತಿಕಾಯಿಯ ಸಿಪ್ಪೆ ನೋಡಿ ಒಡೆದು ಹೋಯಿತು. ಇಷ್ಟು ದೂರ ಓಡಿ ಬಂದು, ಆಕೆಗೆ ಸೇರುತ್ತಿದ್ದದ್ದು ಇದೇ ಎಂದು ಗೊತ್ತಾದ ಮೇಲೂ ಬರಿಗೈಯಲ್ಲಿ ಹೋಗಿ ಖಾರದ ಪೊಟ್ಟಣ ಇಡಬೇಕು.

ದುರಗವ್ವ ಅವಳ ರಟ್ಟೆ ಹಿಡಿದು ಎಳೆದಳು. "ಅಳಬ್ಯಾಡ ಬಾ. ನಿಮ್ಮತ್ತಿ ಅಷ್ಟು ಸಾದಾ ಹೆಂಗಸಲ್ಲ. ನಮ್ಮ ಕಣ್ಣಿಗೆ ಬೀಳಬಾರದು ಅಂತ ಎಳೇವು ಮುಚ್ಚಿ ಇಡತಿದ್ರು. ಪುಂಡಿ ಬುಡದಾಗ ನೋಡು, ಎಲಿ ಬೋರಲ ಇರೋ ಕಡೆ."

ಇಬ್ಬರೂ ಮೊಣಕಾಲೂರಿ ಸಾಲಿನೊಳಗೆ ನುಗ್ಗಿದರು. ಗೋವಿನಜೋಳದ ಗರಿ ಕೈಗೆ ಗೀರಿತು. ಸೌತಿಯ ಬಳ್ಳಿ ಅಲಸಂದಿಗೆ ಸುತ್ತಿ, ಅಲಸಂದಿ ಪುಂಡಿಗೆ ಸುತ್ತಿ, ಯಾವುದರ ಎಲೆ ಯಾವುದೆಂದು ತಿಳಿಯದಂತಿತ್ತು. ಸುಧಾರಾಣಿ ಒಂದೊಂದೇ ಎಲೆ ಎತ್ತಿದಳು. ಒಂದು ಕಡೆ ಎರಡು ಎಲೆ ಒಂದರ ಮೇಲೊಂದು ಮಗುಚಿದ್ದವು. ಗಾಳಿಗೆ ಹಾರದಂತೆ ಮೇಲೊಂದು ಹೆಂಟೆ. ಎತ್ತಿದಳು. ಬೆರಳಿಗಿಂತ ತುಸು ದಪ್ಪನೆಯ ಎರಡು ಸೌತಿಕಾಯಿ, ತುದಿಯಲ್ಲಿ ಇನ್ನೂ ಬಾಡಿದ ಹೂ.

"ಸಿಕ್ಕುವು!" ಎಂದು ಅವಳು ಕೂಗಿದ್ದು ಕುಣಿಯ ಹತ್ತಿರದವರಿಗೂ ಕೇಳಿಸಿತು. ಯಾರೋ ಸಿಳ್ಳೆ ಹೊಡೆದರು.

ಒಂದನ್ನು ಸೆರಗಿಗೆ ಕಟ್ಟಿದಳು. ಇನ್ನೊಂದು ಕೈಯಲ್ಲಿ ಉಳಿಯಿತು. ಒಡ್ಡಿನ ಮೇಲೆ ದುರಗವ್ವ ಕಾಲು ಚಾಚಿ ಕುಳಿತು ಪಕ್ಕದ ನೆಲ ತಟ್ಟಿದಳು.

"ಕುಂದ್ರು. ಇಲ್ಲೇ ಕುಂದರತಿದ್ರು ನಿಮ್ಮತ್ತಿ. ಒಂದ್ ಮಾತು ಕೇಳು. ನಾ ಅವರನ್ನ ಕೇಳಿದ್ದೆ, ಮನಿಗೆ ಒಯ್ದು ಆರಾಮ ತಿನ್ನಬಾರದ ಅಂತ. ಅದಕ್ಕವರು, ಮನಿಗೆ ಒಯ್ದ್ರ ಎಲ್ಲಾರ ತಾಟಿಗೆ ಹೋಗಿ ನನ್ನ ಪಾಲಿಗೆ ತೊಟ್ಟು ಉಳೀತೈತಿ ಅಂದ್ರು. ಸುಧಾನ್ನ ಒಮ್ಮಿ ಇಲ್ಲಿ ಕರಕೊಂಡ ಬಂದು ಕುಂದ್ರಿಸಿ ತಿನಸಬೇಕು ಅಂತಿದ್ರು. ಆದ್ರ ಇಬ್ರೂ ಇಲ್ಲಿ ಬಂದು ಕುಂತ್ರ ಅಲ್ಲಿ ರೊಟ್ಟಿ ಬಡಿಯೋರು ಯಾರ ದುರಗಿ ಅಂತ ನಗತಿದ್ರು."

ಸುಧಾರಾಣಿ ಕುಳಿತಳು. ಸೌತಿಕಾಯಿಯನ್ನು ಸೆರಗಿನಲ್ಲಿ ಒರೆಸಿ ಮೊಣಕಾಲಿಗೆ ಬಡಿದಳು. ಅದು ಒಂದು ದೊಡ್ಡದು, ಒಂದು ಸಣ್ಣದು ಆಗಿ ಮುರಿಯಿತು. ಅವಳು ಒಂದು ಗಳಿಗೆ ಎರಡನ್ನೂ ನೋಡಿದಳು. ಸಣ್ಣದನ್ನು ದುರಗವ್ವನ ಕೈಗಿಟ್ಟಳು.

"ಹಾಂ! ಸೊಸಿ ಅಂದ್ರ ಸೊಸಿ!" ಎಂದು ದುರಗವ್ವ ಗಟ್ಟಿಯಾಗಿ ನಕ್ಕಳು.

ಸೌತಿಕಾಯಿ ತಣ್ಣಗಿತ್ತು. ಕಚ್ಚಿದರೆ ಕಟ್ಟೆಂದು ಸದ್ದಾಯಿತು. ಹಸಿದ ಹೊಟ್ಟೆಗೆ, ಯಾರೂ ಮುಟ್ಟುವ ಮುಂಚೆ, ಇಡೀ ತುತ್ತು. ಅವಳು ಎದುರಿನ ಬೇವಿನ ಮರದ ಕಡೆ ನೋಡುತ್ತ ತೊಟ್ಟಿನವರೆಗೂ ತಿಂದಳು. ನೀರು ಗದ್ದದ ಮೇಲೆ ಇಳಿದದ್ದನ್ನೂ ಒರೆಸಿಕೊಳ್ಳಲಿಲ್ಲ.

*

ಅವರು ತಿರುಗಿ ಬಂದಾಗ ಅಯ್ಯನವರು ಬಂದಾಗಿತ್ತು. ಖಾರವೂ ಬಂದಾಗಿತ್ತು, ಶಂಭುಲಿಂಗ ಪೊಟ್ಟಣ ಹಿಡಿದು ಬಾಗಿಲಲ್ಲೇ ನಿಂತಿದ್ದ. ಕೆಸರು ಮೆತ್ತಿದ ಮೊಣಕಾಲಿನ ಸೊಸೆಯನ್ನು ನೋಡಿ ಅವನು ಬಾಯಿ ತೆರೆದ.

"ಅಯ್ಯನವರ, ನೀವರ ಹೇಳ್ರಿ. ಉಡ್ಯಾಗ ಸೌತಿಕಾಯಿ ಇಡೋದು ಯಾವ ಶಾಸ್ತ್ರದಾಗೈತಿ?"

ಅಯ್ಯನವರು ವಯಸ್ಸಾದವರು. ಕನ್ನಡಕ ಮೇಲೇರಿಸಿ, "ಖಾರಾ ಯಾವ ಶಾಸ್ತ್ರದಾಗೈತಿ?" ಎಂದರು.

"ಇಡವ್ವ," ಎಂದ ಉಳವಪ್ಪ, ಸೊಸೆಗೆ. "ಅಕಿದು ಅಕಿಗೆ ಇಡು."

ಸುಧಾರಾಣಿ ಅತ್ತೆಯ ಮುಂದೆ ಕುಳಿತು ಉಡಿ ತುಂಬಿದಳು. ಅಕ್ಕಿ, ಕೊಬ್ಬರಿ, ಅರಿಸಿನದ ಕೊಂಬು, ಕುಬಸ. ಕೊನೆಗೆ ಸೆರಗು ಬಿಚ್ಚಿ ಸೌತಿಕಾಯಿಯನ್ನು ಎಲ್ಲದರ ಮೇಲೆ, ಕೈಗೆ ಸಿಗುವಂತೆ ಇಟ್ಟಳು. "ಮುಳ್ಳು ಒರಸೇನ್ರಿ ಅತ್ತಿ," ಎಂದು ಮೆಲ್ಲಗೆ ಹೇಳಿದಳು.

ಬಿದಿರಿನ ವಿಮಾನದಲ್ಲಿ ಅವಳನ್ನು ಕುಳ್ಳಿರಿಸಿ ಹೆಗಲಿಗೆ ಎತ್ತಿದರು. ಭಜನೆಯವರು ಮುಂದೆ, ಊರು ಹಿಂದೆ. ಹಳ್ಳದ ಇಳಿಜಾರಿನಲ್ಲಿ ಹೊತ್ತವರು ಜೋಲಿ ತಪ್ಪಿದಾಗ ದುರಗವ್ವ, "ಸಾವಕಾಶ ಹೋಗ್ರೋ, ಉಡ್ಯಾಗಿಂದು ಬಿದ್ದೀತು!" ಎಂದು ಕೂಗಿದಳು. ಬೇವಿನ ಕೆಳಗೆ ವಿಭೂತಿ, ಪತ್ರಿ, ಉಪ್ಪು ಹಾಕಿ, ಕುಳಿತವಳನ್ನು ಕುಳಿತಂತೆಯೇ ಇಳಿಸಿ, ಹಿಡಿ ಹಿಡಿ ಮಣ್ಣು ಕೊಟ್ಟರು. ಖಾರದ ಪೊಟ್ಟಣವನ್ನು ದಾರಿಯಲ್ಲಿ ಯಾರೋ ಒಡೆದಿದ್ದರು. ಬರುವಾಗ ಅದು ಕೈಯಿಂದ ಕೈಗೆ ಹೋಗಿ ಖಾಲಿಯಾಯಿತು, ಶಂಭುಲಿಂಗನೂ ತಿಂದ.

ಎಲ್ಲರೂ ಮಿಂದು ಬರುವ ಹೊತ್ತಿಗೆ ಸಂಜೆಯ ಬಿಸಿಲು ಅಂಗಳದ ತುದಿಗೆ ಸರಿದಿತ್ತು. ನೆರೆಮನೆಗಳಿಂದ ಊಟ ಬಂದಿತ್ತು. ಒಬ್ಬರ ಮನೆಯ ರೊಟ್ಟಿ, ಇನ್ನೊಬ್ಬರ ಮನೆಯ ಝುಣಕ, ಮತ್ತೊಬ್ಬರ ಎಣ್ಣೆಗಾಯಿ, ಅನ್ನ, ಸಾರು. ಪಡಸಾಲೆಯಲ್ಲಿ ಗಂಡಸರು ಸಾಲಾಗಿ ಕುಳಿತರು. ದುರಗವ್ವ ಕಟ್ಟೆಯ ಮೇಲೆ ತಾಟು ಹಿಡಿದು ಕುಳಿತು, ಸೌತಿಕಾಯಿಯ ಕತೆಯನ್ನು ಹೊಸದಾಗಿ ಬಂದವರಿಗೆ ಮತ್ತೆ ಹೇಳುತ್ತಿದ್ದಳು. ಈ ಸಲ ಸೌತಿಕಾಯಿ ಮೊದಲಿಗಿಂತ ಉದ್ದವಾಗಿತ್ತು.

"ಅಲ್ಲೋ ಚನ್ನೇಶಪ್ಪ," ಎಂದಳು ಅವಳು ನಡುವೆ, ರೊಟ್ಟಿ ಮುರಿಯುತ್ತ. "ಅವ್ವಂದು ಗೊತ್ತಿರಲಿಲ್ಲ, ಹೋಗ್ಲಿ. ಹೇಣ್ತಿಗೆ ಏನ ಸೇರತೈತಿ, ಹೇಳು ನೋಡೋಣ?"

ಸಾಲಿನಲ್ಲಿದ್ದವರು ಅವನ ಕಡೆ ನೋಡಿ ನಕ್ಕರು. ಚನ್ನೇಶನೂ ನಕ್ಕ. ತುತ್ತು ಅಗಿದ, ನುಂಗಿದ, ಮೇಲೆ ತೊಲೆಯ ಕಡೆ ನೋಡಿದ.

"ಅಕಿಗೆ ಎಲ್ಲಾ ಸೇರತೈತಿ," ಎಂದ.

ಸುಧಾರಾಣಿ ಆಗ ಸಾರಿನ ಪಾತ್ರೆ ಹಿಡಿದು ಬಡಿಸುತ್ತಿದ್ದಳು. ಮಾವನ ತಾಟಿಗೆ ಬಡಿಸಿದಳು. ಶಂಭುಲಿಂಗನ ತಾಟಿಗೆ ಬಡಿಸಿದಳು. ಗಂಡನ ತಾಟಿಗೂ ಬಡಿಸಿ, ಪಾತ್ರೆಯನ್ನು ನೆಲಕ್ಕಿಟ್ಟಳು. ಒಳಗೆ ಹೋಗಿ ಒಂದು ತಾಟು ತಂದಳು. ಗಂಡ ಮತ್ತು ಮಾವನ ನಡುವೆ ತುಸು ಜಾಗವಿತ್ತು. ಅಲ್ಲಿ ಸೀರೆ ಸರಿಮಾಡಿಕೊಂಡು ಕುಳಿತಳು.

ಅಡುಗೆಮನೆಯ ಬಾಗಿಲಲ್ಲಿ ಶ್ವೇತಾ ಸೆರಗು ಹಿಡಿದು ನಿಂತಳು. ಹೊರಗೆ ಬರಲೂ ಇಲ್ಲ, ಒಳಗೆ ಹೋಗಲೂ ಇಲ್ಲ. ಶಂಭುಲಿಂಗನ ತುತ್ತು ತಾಟಿಗೂ ಬಾಯಿಗೂ ನಡುವೆ ಉಳಿಯಿತು. ರೊಟ್ಟಿಯ ಬುಟ್ಟಿ ಚನ್ನೇಶನ ಮೊಣಕಾಲಿನ ಪಕ್ಕದಲ್ಲೇ ಇತ್ತು. ಮೇಲೆ ಮುಚ್ಚಿದ ಬಿಳಿ ಅರಿವೆಯ ಒಂದು ತುದಿ ಸರಿದು, ಮೇಲಿನ ರೊಟ್ಟಿ ಕಾಣುತ್ತಿತ್ತು. ಇಡಿಯಾದ, ಹೊಟ್ಟೆ ಉಬ್ಬಿದ ರೊಟ್ಟಿ.

ಸುಧಾರಾಣಿ ತಾಟನ್ನು ಅವನ ಕಡೆ ಸರಿಸಿದಳು.

"ಒಂದ್ ರೊಟ್ಟಿ ನೀಡ್ರಿ."